ಕವಳಿ ಮಟ್ಟಿಯ ಎದುರು

ಊರಿನವರೆಲ್ಲ ಅಪ್ಪೆಮಿಡಿಯ ಗುಂಗಿನಲ್ಲಿರುವ ಹೊತ್ತಿಗೆ ನನ್ನ ಕಣ್ಣು ಬೇಣದ ಕವಳಿ ಮಟ್ಟಿಗಳ ಮೇಲಿರುತ್ತದೆ. ಮಣ್ಣೇ ಇಲ್ಲವೆನ್ನಿಸುವ ಕೆಂಪುಕಲ್ಲಿನ ದಿಬ್ಬ, ಸುತ್ತ ಒಣಗಿದ ಹುಲ್ಲು. ಅಲ್ಲಿ ಈ ಮಟ್ಟಿಯೊಂದೇ ಜೋಡಿ ಜೋಡಿ ಮುಳ್ಳು ಚಾಚಿಕೊಂಡು ಹಸಿರಾಗಿ ನಿಂತಿರುತ್ತದೆ. ಮಲ್ಲಿಗೆಯನ್ನು ಹೋಲುವ ಬಿಳಿ ಹೂವು ಉದುರಿ ಗೊಂಚಲು ಗೊಂಚಲು ಕಾಯಿ. ಮೇ ತಿಂಗಳಲ್ಲಿ ಅದು ಕಪ್ಪಗೆ ಹಣ್ಣಾಗುವವರೆಗೆ ಹೆಚ್ಚಿನವರು ಇತ್ತ ತಿರುಗಿಯೂ ನೋಡುವುದಿಲ್ಲ. ನನಗೆ ಹಣ್ಣಿಗಿಂತ ಕಾಯಿಯೇ ಒಂದು ಕೈ ಮೇಲು.

ಕೊಯ್ಯುವುದಕ್ಕೂ ಹದವಿದೆ. ಬೀಜ ಬಲಿತಿರಬಾರದು, ಉಗುರು ಸಲೀಸಾಗಿ ಇಳಿಯಬೇಕು. ಮೇಲಿನಿಂದ ಕೈ ಹಾಕಿದರೆ ಮುಳ್ಳು ಬಿಡದು. ಕೊಂಬೆಯ ತುದಿ ಹಿಡಿದೆತ್ತಿ ಅಡಿಯಿಂದ ಕೊಯ್ಯಬೇಕು. ತೊಟ್ಟು ಮುರಿದೊಡನೆ ಬಿಳಿ ಹಾಲು ಒಸರುತ್ತದೆ. ಕಣಗಿಲೆಯ ಕುಟುಂಬದ ಗಿಡ ಇದು. ವಿಷದ ಗಿಡಗಳು ತುಂಬಿರುವ ಆ ಬಳಗದಿಂದ ನಮ್ಮ ಊಟದ ಎಲೆಯವರೆಗೆ ಬಂದದ್ದರಲ್ಲಿ ಕವಳಿ ಒಂದು. ಆ ಹಾಲು ಬೆರಳಿಗೆ ಅಂಟಿದರೆ ಸೋಪಿಗೂ ಜಗ್ಗದು. ಮೊದಲೇ ಕೊಬ್ಬರಿ ಎಣ್ಣೆ ಸವರಿಕೊಳ್ಳುವುದು ಒಳ್ಳೆಯದು.

ಸೀಳಿ, ಬೀಜ ತೆಗೆದು, ಉಪ್ಪುನೀರಿನಲ್ಲಿ ತೊಳೆದರೆ ಸೊನೆ ಹೋಗುತ್ತದೆ. ಚಟ್ನಿಗೆ ಹುಣಸೆ ಬೇಡ. ಕಾಯಿತುರಿ, ಹಸಿಮೆಣಸು, ಉಪ್ಪು, ಒಂದು ಹಿಡಿ ಕವಳಿಕಾಯಿ ಅರೆದು, ಇಂಗು-ಸಾಸಿವೆಯ ಒಗ್ಗರಣೆ ಕೊಟ್ಟರಾಯಿತು. ಈ ಹುಳಿಯ ಬೆನ್ನಿಗೇ ಒಂದು ಒಗರು ಬರುತ್ತದೆ. ನಾಲಿಗೆಯ ಅಂಚಿನಲ್ಲಿ ನಿಂತು ಮುಂದಿನ ತುತ್ತನ್ನು ಕರೆಯುತ್ತದೆ. ಹುಣಸೆಗಾಗಲಿ ಲಿಂಬೆಗಾಗಲಿ ಅದು ಸಾಧ್ಯವಿಲ್ಲ. ಉಪ್ಪಿನಕಾಯಿಗೆ ಮಾತ್ರ ಇಡೀ ಕಾಯಿ. ಉಪ್ಪಿನಲ್ಲಿ ಕೂತು ಚಿರುಟಿದ ಮೇಲೆ ಸಾಸಿವೆ, ಒಣಮೆಣಸು, ಅರಿಶಿನ ಅರೆದು ಕಲಸಿಟ್ಟರೆ ಮಳೆಗಾಲದ ಗಂಜಿಗೆ ಬೇರೇನೂ ಬೇಕೆನ್ನಿಸದು.

ಹಣ್ಣನ್ನು ಮನೆಗೆ ತರಲೇಬಾರದು, ಮಟ್ಟಿಯ ಬುಡದಲ್ಲೇ ತಿನ್ನಬೇಕು. ಕೊಂಕಣದ ಮಕ್ಕಳಿಗೆ ಅದೊಂದು ಆಟ: ಹುಂಜವೋ ಹೇಟೆಯೋ ಎಂದು ಕೇಳಿ ಕಚ್ಚುವುದು. ತಿರುಳು ಕೆಂಪಾಗಿದ್ದರೆ ಹುಂಜ, ಬೆಳ್ಳಗಿದ್ದರೆ ಹೇಟೆ. ಮಳೆ ಹಿಡಿಯಿತೋ, ಹಣ್ಣು ನೀರು ಕುಡಿದು ಸಪ್ಪೆಯಾಗುತ್ತದೆ.

ಪೇಟೆಯವರೂ ತಿಳಿಯದೆ ಕವಳಿ ತಿಂದಿರುತ್ತಾರೆ. ಬೇಕರಿಯ ಕೇಕಿನ ಮೇಲಿನ ಕೆಂಪು ಚೆರ್ರಿ ಎಷ್ಟೋ ಸಲ ಇದೇ ಕಾಯಿ. ಬೀಜ ತೆಗೆದು, ಬಣ್ಣ ಹಾಕಿ, ಸಕ್ಕರೆ ಪಾಕದಲ್ಲಿ ನೆನೆಸಿದ್ದು. ಹುಳಿಯನ್ನೂ ಒಗರನ್ನೂ ಕಳೆದುಕೊಂಡ ಕವಳಿಯನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸಿಹಿಯೇ ಬೇಕಿದ್ದರೆ ಜೆಲ್ಲಿ ಮಾಡಲಿ. ಪೆಕ್ಟಿನ್ ಹೇರಳವಾಗಿರುವುದರಿಂದ ಚೆನ್ನಾಗಿ ಗಟ್ಟಿಯಾಗುತ್ತದೆ, ಹುಳಿಯೂ ಉಳಿಯುತ್ತದೆ.

ಬೇಣಗಳು ಸಪಾಟಾಗುತ್ತಿವೆ, ಬೇಲಿಗೆ ತಂತಿ ಬಂದಿದೆ. ಕವಳಿಯ ಬೇಲಿಯೊಳಗೆ ದನವೂ ನುಗ್ಗದು, ಒಮ್ಮೆ ಬೇರೂರಿದರೆ ನೀರನ್ನೂ ಕೇಳದು. ಬೀಜವನ್ನು ಒಣಗಿಸಿ ಎತ್ತಿಟ್ಟರೆ ಹುಟ್ಟುವುದು ಕಷ್ಟ. ಹಣ್ಣು ತಿಂದ ಬೆನ್ನಿಗೇ ಮಣ್ಣಿಗೆ ಹಾಕಬೇಕು. ಹಿತ್ತಿಲ ಅಂಚಿಗೆ ನಾನು ಹಾಗೇ ಹಾಕುತ್ತ ಬಂದಿದ್ದೇನೆ. ಬೇಲಿ ಕಟ್ಟುವ ಯೋಚನೆಯಲ್ಲಿರುವವರು ಬನ್ನಿ, ಸಸಿ ಕೊಡುತ್ತೇನೆ.