ನಡುವೆ ನಿಂತವರ ಲೆಕ್ಕ

ಅಧ್ಯಾಪಕರ ಕೊಠಡಿಯಲ್ಲಿ ಕನ್ನಡಕ್ಕೂ ಭೌತಶಾಸ್ತ್ರಕ್ಕೂ ನಡುವೆ ಇರುವುದು ಒಂದೇ ಮೇಜು. ಕಾಫಿ ಬರುವುದು ತಡವಾದ ದಿನ ಆ ಗಡಿಯೂ ಅಳಿಸಿಹೋಗುತ್ತದೆ. ಅಂತಹ ಒಂದು ದಿನ ಮಿತ್ರರು, “ಮೇಷ್ಟ್ರೇ, ನಿಮ್ಮ ಕಾವ್ಯದಲ್ಲಿ ಎರಡು ಜೀವಗಳು ಒಂದಾಗುತ್ತವೆಯಷ್ಟೆ? ನಮ್ಮಲ್ಲಿ ಕಣಗಳು ಒಂದಾಗುತ್ತವೆ, ಆದರೆ ನಾವು ಖರ್ಚಿನ ಲೆಕ್ಕ ಇಡುತ್ತೇವೆ” ಎಂದರು.

ಎರಡು ಕಣಗಳು ಎಷ್ಟು ದೂರ ಸರಿದರೂ ಒಂದೇ ಸ್ಥಿತಿಯ ಪಾಲುದಾರರಾಗಿರುವ ಈ ಸಂಬಂಧವನ್ನು 1935ರಲ್ಲಿ ಶ್ರೋಡಿಂಗರ್ ‘ಎಂಟ್ಯಾಂಗಲ್‌ಮೆಂಟ್’ ಎಂದು ಕರೆದನು. ನಾನು ಅದನ್ನು ಬೆಸುಗೆಯೆನ್ನುತ್ತೇನೆ. ಬೆಸೆದ ಜೋಡಿಯ ಒಂದು ಕಣ ಇಲ್ಲಿ, ಇನ್ನೊಂದು ದೂರದಲ್ಲಿ ಇದ್ದರೆ, ಮೂರನೆಯ ಕಣವೊಂದರ ಸ್ಥಿತಿಯನ್ನು ಅಲ್ಲಿಗೆ ಮುಟ್ಟಿಸಬಹುದೆಂದು 1993ರಲ್ಲಿ ಆರು ಮಂದಿ ವಿಜ್ಞಾನಿಗಳು ತೋರಿಸಿದರು. ವೆಚ್ಚ: ಒಂದು ಜೋಡಿ, ಮತ್ತು ಸಾಮಾನ್ಯ ಮಾರ್ಗದಲ್ಲಿ ಹೋಗುವ, ಹೌದು-ಅಲ್ಲ ಎಂಬಂತಹ ಎರಡು ಉತ್ತರಗಳಷ್ಟು ಸುದ್ದಿ. ಒಮ್ಮೆ ಬಳಸಿದ ಬೆಸುಗೆ ಮುಗಿಯಿತು. ದೂರದ ಇಬ್ಬರು ಬರಿಯ ಮಾತಿನಿಂದ ಹೊಸದನ್ನು ಹುಟ್ಟಿಸಲಾರರು. ಕಣವೇ ಪ್ರಯಾಣ ಮಾಡಬೇಕು. 2017ರಲ್ಲಿ ಚೀನದ ಮಿಸಿಯಸ್ ಉಪಗ್ರಹವು 1200 ಕಿಲೋಮೀಟರಿಗೂ ಹೆಚ್ಚು ಅಂತರದ ಎರಡು ನೆಲೆಗಳಿಗೆ ಇಂತಹ ಜೋಡಿಗಳನ್ನು ಹಂಚಿತು.

ಬಳಸುವವರು ಹಲವರಾದಾಗಲೇ ಪೇಚು. ಹತ್ತು ಮಂದಿಯಲ್ಲಿ ಪ್ರತಿಯೊಬ್ಬರಿಗೂ ಉಳಿದೆಲ್ಲರೊಡನೆ ನೇರ ಬೆಸುಗೆ ಬೇಕಾದರೆ 45 ಜೋಡಿಗಳು ಬೇಕು. ನಡುವೆ ಇನ್ನೊಬ್ಬನನ್ನು ನಿಲ್ಲಿಸಿದರೆ 10 ಸಾಕು.

“ಅಗ್ಗವಾಯಿತಲ್ಲ!” ಎಂದೆ.

“ಎಲ್ಲಿಯ ಅಗ್ಗ? ನಡುವಿನವನು ತನ್ನಲ್ಲಿರುವ ಎರಡು ಕಣಗಳನ್ನು ಒಟ್ಟಿಗೆ ಅಳೆದು ಫಲವನ್ನು ತಿಳಿಸಿದಾಗ ಆಚೆಯ ಇಬ್ಬರು ಬೆಸೆದುಕೊಳ್ಳುತ್ತಾರೆ. ಎರಡು ಜೋಡಿ ವ್ಯಯ, ಒಂದು ಲಾಭ. ಆ ಇಬ್ಬರೊಡನೆ ಅವನಿಗಿದ್ದ ಬೆಸುಗೆ ಅಲ್ಲಿಗೆ ತೀರಿತು.”

ನನಗೆ ತಾಯಿಯವರು ನೆನಪಾದರು. ನಾವು ನಾಲ್ವರು ಮಕ್ಕಳು, ನಾಲ್ಕು ಊರು. ಅಣ್ಣನ ಸುದ್ದಿ ನನಗೆ, ನನ್ನದು ಅಕ್ಕನಿಗೆ, ಎಲ್ಲವೂ ಅಮ್ಮನ ಮೂಲಕವೇ. ಜಮೀನಿನ ವಿಷಯದಲ್ಲಿ ನಾನೂ ಅಣ್ಣನೂ ಮಾತು ಬಿಟ್ಟಾಗ, ಇಬ್ಬರ ಕಟುನುಡಿಯನ್ನೂ ತಾವೇ ಕೇಳಿಸಿಕೊಂಡು ನಮ್ಮನ್ನು ಕೂಡಿಸಿದರು. ಆಮೇಲೆ ನಾವಿಬ್ಬರೂ ನೇರವಾಗಿಯೇ ಮಾತನಾಡತೊಡಗಿದೆವು. ಅಮ್ಮನಿಗೆ ನಮ್ಮಿಂದ ಹೋಗುತ್ತಿದ್ದ ಕರೆಗಳು ಕಡಿಮೆಯಾದವು. ಅವರು ಅದನ್ನು ಒಮ್ಮೆಯೂ ಆಡಿ ತೋರಿಸಲಿಲ್ಲ.

ಕಾಫಿ ಬಂತು, ಮಿತ್ರರು ಲೆಕ್ಕದ ಹಾಳೆಯನ್ನು ಮಡಿಸಿಟ್ಟರು. ಆ ಶನಿವಾರ ನಾನು ಅಮ್ಮನಿಗೆ ಫೋನು ಮಾಡಲಿಲ್ಲ. ಊರಿನ ಬಸ್ಸು ಹತ್ತಿದೆ.