ಬಿ.ಎಚ್. ರಸ್ತೆಯ ಕೊನೆಗೆ ಒಂದು ಹಾಯಿ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ದಿನಾ ಓಡಾಡುವ ಎಷ್ಟೋ ಜನರಿಗೆ ಅದು ಕಡಲಿಗೆ ಹೋಗುವ ದಾರಿ ಎಂಬುದು ನೆನಪಿರುವುದಿಲ್ಲ. ಅದು ಬೆಂಗಳೂರು–ಹೊನ್ನಾವರ ರಸ್ತೆ. ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಶಿವಮೊಗ್ಗ, ಸಾಗರಗಳನ್ನು ದಾಟಿ, ಘಟ್ಟ ಇಳಿದು, ಶರಾವತಿ ಕಡಲು ಸೇರುವಲ್ಲಿಗೆ ತಾನೂ ಹೋಗಿ ಮುಟ್ಟುತ್ತದೆ. ಹಳೆಯ ಲೆಕ್ಕದಲ್ಲಿ 206ನೇ ಹೆದ್ದಾರಿ. ತುಮಕೂರಿನಿಂದ ಹೊನ್ನಾವರಕ್ಕೆ ಸುಮಾರು 360 ಕಿ.ಮೀ. ತುಮಕೂರಿನ ಅಂತರಸನಹಳ್ಳಿಯವನಾದ ನನಗೆ ಹಾಯಿದೋಣಿಯ ಹುಚ್ಚು ಎಲ್ಲಿಂದ ಅಂಟಿತು ಎಂದು ಕೇಳುವವರಿಗೆ ನಾನು ಈ ರಸ್ತೆಯನ್ನೇ ತೋರಿಸುತ್ತೇನೆ.

ಇನ್ನೊಂದು ಕಾರಣ ನನ್ನ ಕಸುಬು. ನಮ್ಮೂರಿಗೆ ಒಂದು ಕಡೆ ತರಕಾರಿ ಮಾರುಕಟ್ಟೆ, ಇನ್ನೊಂದು ಕಡೆ ಕೈಗಾರಿಕಾ ಪ್ರದೇಶ. ಅಲ್ಲಿನ ಶೆಡ್ಡುಗಳಲ್ಲಿ ನಾನು ಕೈಯಾರೆ ಕಲಿತದ್ದು ಫೈಬರ್ ಕೆಲಸ. ಅಚ್ಚಿಗೆ ಮೇಣ ಉಜ್ಜಿ ಹೊಳಪಿಸಬೇಕು. ಮೇಲೆ ಜೆಲ್‌ಕೋಟ್ ಹಚ್ಚಿ, ಮುಟ್ಟಿದರೆ ಜಿಗಿ ಅನ್ನಿಸಬೇಕು ಆದರೆ ಬೆರಳಿಗೆ ಹತ್ತಬಾರದು, ಆ ಹದಕ್ಕೆ ಕಾಯಬೇಕು. ಆಮೇಲೆ ಗಾಜಿನ ನಾರಿನ ಮ್ಯಾಟ್ ಹಾಸಿ ರೆಸಿನ್ ಕುಡಿಸುವುದು. ಬೆಳ್ಳಗಿದ್ದ ಮ್ಯಾಟ್ ರೆಸಿನ್ ಕುಡಿಯುತ್ತಿದ್ದಂತೆ ಬಣ್ಣ ಕಳೆದುಕೊಂಡು ಪಾರದರ್ಶಕವಾಗುತ್ತದೆ. ಎಲ್ಲಿ ಬಿಳುಪು ಉಳಿಯಿತೋ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ರೋಲರ್ ಆಡಿಸಿ ಅದನ್ನು ಹೊರಗೆ ದಬ್ಬಬೇಕು. ಹಾರ್ಡ್‌ನರ್ ಬೆರೆಸಿದ ಮೇಲೆ ಮನುಷ್ಯ ಮಾತಾಡುತ್ತ ನಿಲ್ಲುವಂತಿಲ್ಲ. ಏಪ್ರಿಲ್ ಬಿಸಿಲಿಗೆ ರೆಸಿನ್ ಬೇಗ ಗಟ್ಟಿಯಾಗುತ್ತದೆ, ತೇವದ ಹವೆಯಲ್ಲಿ ಸತಾಯಿಸುತ್ತದೆ. ಈ ಕೆಲಸಕ್ಕೆ ತುಮಕೂರಿನ ಒಣಹವೆ ಕರಾವಳಿಯ ಮಳೆಗಾಲಕ್ಕಿಂತ ಎಷ್ಟೋ ವಾಸಿ.

ಹಾಗಾಗಿ ನಾನು ದೋಣಿಯನ್ನು ಮೊದಲು ನೋಡುವುದು ಕಣ್ಣಿನಿಂದಲ್ಲ, ಬೆರಳ ಗೆಣ್ಣಿನಿಂದ. ಒಡಲನ್ನು ಅಡಿಯಿಂದ ಅಂಚಿನವರೆಗೆ ತಟ್ಟುತ್ತ ಹೋಗುತ್ತೇನೆ. ಗಟ್ಟಿಯಾಗಿ ಕೂಡಿಕೊಂಡ ಫೈಬರ್ ಚುರುಕಾದ ದನಿ ಕೊಡುತ್ತದೆ. ಪದರ ಬಿಟ್ಟ ಕಡೆ ಸದ್ದು ಮಂಕಾಗುತ್ತದೆ. ಹಳೆಯ ದೋಣಿಯಾದರೆ ನೀರಿನ ಮಟ್ಟಕ್ಕಿಂತ ಕೆಳಗೆ ಬೊಬ್ಬೆ ಎದ್ದಿದೆಯೇ ಎಂದು ನೋಡಬೇಕು. ಜೆಲ್‌ಕೋಟ್ ದಾಟಿ ಒಳಗೆ ಇಳಿದ ನೀರಿನ ಗುರುತು ಅದು. ನಾವು ನಾಲ್ವರು ಗೆಳೆಯರು ಪಾಲು ಹಾಕಿ ಕೊಂಡ ದೋಣಿ ಈ ಪರೀಕ್ಷೆಯಲ್ಲಿ ಗೆದ್ದು ಬಂದದ್ದು. ಉದ್ದ 22 ಅಡಿ. ಒಂದು ದೊಡ್ಡ ಹಾಯಿ, ಮುಂದೆ ಒಂದು ಸಣ್ಣ ಹಾಯಿ, ಹಿಂದೆ ಕೈಯಲ್ಲಿ ಹಿಡಿಯುವ ಚುಕ್ಕಾಣಿ. ಒಳಗೆ ಇಬ್ಬರು ಕಾಲು ಚಾಚಿ ಮಲಗಬಹುದು, ಒಂದು ಒಲೆ ಇಟ್ಟು ಗಂಜಿ ಬೇಯಿಸಬಹುದು. ಅಡಿಯ ಹಲಗೆಯನ್ನು ಮೇಲಕ್ಕೆಳೆದರೆ ಮೊಣಕಾಲು ಮುಳುಗುವಷ್ಟು ನೀರಿನಲ್ಲೂ ತೇಲುತ್ತದೆ. ಇಳಿಸಿದರೆ ಎದೆಮಟ್ಟದ ನೀರು ಬೇಕು. ಅದು ಹೊನ್ನಾವರದಲ್ಲಿ, ಶರಾವತಿಯ ಕಾಸರಕೋಡು ದಡದ ಕಡೆ, ಮೀನುಗಾರ ಗೆಳೆಯನೊಬ್ಬನ ಮನೆಯ ಎದುರು ಲಂಗರು ಹಾಕಿಕೊಂಡಿರುತ್ತದೆ.

ಕಡಲಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ನಮ್ಮ ಕರಾವಳಿಯ ಗಾಳಿಯ ದಿನಚರಿ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಅದು ಹೆಚ್ಚುಕಡಿಮೆ ಗಡಿಯಾರಕ್ಕೆ ಹೊಂದಿಕೊಂಡೇ ನಡೆಯುತ್ತದೆ. ರಾತ್ರಿ ನೆಲ ತಣಿದು ಘಟ್ಟದ ಕಡೆಯಿಂದ ಮೂಡುಗಾಳಿ ಇಳಿಯುತ್ತದೆ. ಮಣ್ಣು, ಸೌದೆಯ ಹೊಗೆ, ಒಣಗಲು ಹರಡಿದ ಮೀನು, ಎಲ್ಲದರ ವಾಸನೆ ಅದರಲ್ಲಿ. ಬೆಳಿಗ್ಗೆ ಅದು ಸೋತು ಕಡಲು ಎಣ್ಣೆ ಸವರಿದಂತೆ ನುಣುಪಾಗುತ್ತದೆ. ನೆಲ ಕಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಪಡುವಣದಿಂದ ಗಾಳಿ ಏಳುತ್ತದೆ. ಇಳಿಹೊತ್ತಿಗೆ ವಾಯವ್ಯಕ್ಕೆ ತಿರುಗಿ ಬಲಿಯುತ್ತದೆ, ಸೂರ್ಯ ಮುಳುಗಿದ ಮೇಲೆ ಮಲಗುತ್ತದೆ. ಇದನ್ನು ತಿಳಿದವನಿಗೆ ಎಂಜಿನ್ ಹೆಚ್ಚು ಬೇಡ. ತೆಂಕಣಕ್ಕೆ, ಮುರುಡೇಶ್ವರ–ಭಟ್ಕಳದ ಕಡೆಗೆ, ಮಧ್ಯಾಹ್ನದ ಮೇಲೆ ಹೊರಟರೆ ಗಾಳಿ ಬೆನ್ನಿಗೇ ಇರುತ್ತದೆ. ಬಡಗಣಕ್ಕೆ, ತದಡಿಗೋ ಕಾರವಾರಕ್ಕೋ ಹೋಗಬೇಕಾದರೆ ನಸುಕಿನಲ್ಲೇ ಎದ್ದು ಮೂಡುಗಾಳಿಯನ್ನು ಬಲ ಪಕ್ಕಕ್ಕೆ ಹಿಡಿದು ಸಾಗಬೇಕು. ಹಿಂದೆ ಹಂಚು, ಉಪ್ಪು, ಮರಮುಟ್ಟು ಹೊತ್ತ ಪತ್ತೆಮಾರಿ ಹಾಯಿಹಡಗುಗಳು ಹೋಗುತ್ತಿದ್ದದ್ದೂ ಇದೇ ಗಾಳಿಗಳನ್ನು ನಂಬಿ.

ಹಾಯಿ ಗಾಳಿಗೆ ನೇರ ಎದುರಾಗಿ ಹೋಗಲಾರದು. ಎದುರುಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತ ಅಂಕುಡೊಂಕಾಗಿ ಏರಬೇಕು. ಆಗಲೇ ದೋಣಿ ಏನೆಂದು ಗೊತ್ತಾಗುವುದು. ಒಡಲು ಒಂದು ಮಗ್ಗುಲಿಗೆ ವಾಲುತ್ತದೆ, ಹಗ್ಗಗಳು ಬಿಗಿಯುತ್ತವೆ, ಚುಕ್ಕಾಣಿ ಅಂಗೈಯಲ್ಲಿ ಮಿಡಿಯುತ್ತದೆ. ಹಾಯಿ ಗಾಳಿಯನ್ನು ಬರಿದೇ ತಡೆಯುವುದಿಲ್ಲ. ವಿಮಾನದ ರೆಕ್ಕೆಯ ಹಾಗೆ ಬಾಗಿದ ಅದರ ಎರಡೂ ಮೈಮೇಲೆ ಗಾಳಿ ಹರಿದು ಮುಂದಕ್ಕೆ ಸೆಳೆಯುತ್ತದೆ. ಪಕ್ಕಕ್ಕೆ ಜಾರದಂತೆ ಅಡಿಯ ಹಲಗೆ ನೀರನ್ನು ಕಚ್ಚಿ ಹಿಡಿಯುತ್ತದೆ. ಗಾಳಿಗೂ ನೀರಿಗೂ ನಡುವಿನ ಈ ಜಗ್ಗಾಟವನ್ನು ಕೈಯಲ್ಲಿ ಹಿಡಿದು ಕೂರುವ ಸುಖ ನನಗೆ ಬೇರೆ ಯಾವ ಕೆಲಸದಲ್ಲೂ ಸಿಕ್ಕಿಲ್ಲ. ವೇಗ ಹೆಚ್ಚೇನಲ್ಲ: ಗಂಟೆಗೆ ನಾಲ್ಕು ನಾಟಿಕಲ್ ಮೈಲಿ, ಅಂದರೆ ಏಳೂವರೆ ಕಿಲೋಮೀಟರಿನಷ್ಟು. ಹೊನ್ನಾವರದಿಂದ ತದಡಿಗೆ ನೇರ ಹಾದಿ ಸಿಕ್ಕರೆ ಅರ್ಧ ದಿನವೂ ಬೇಡ. ಆ ಅರ್ಧ ದಿನ ಕುಮಟೆಯ ಗುಡ್ಡಗಳು ಒಂದೊಂದಾಗಿ ಹಿಂದೆ ಸರಿಯುವುದನ್ನು ನೋಡಬಹುದು.

ಕರ್ನಾಟಕದ ಕರಾವಳಿ ಸುಮಾರು 320 ಕಿ.ಮೀ. ಎಂದು ಶಾಲೆಯಲ್ಲಿ ಓದಿದ್ದೇವೆ. ದೋಣಿಯವನಿಗೆ ಅದು ಅಳಿವೆಗಳ ಸಾಲು: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಗಂಗೊಳ್ಳಿಯ ಪಂಚಗಂಗಾವಳಿ, ಮೂಲ್ಕಿಯ ಶಾಂಭವಿ–ನಂದಿನಿ, ಮಂಗಳೂರಿನ ನೇತ್ರಾವತಿ–ಗುರುಪುರ. ಒಂದೊಂದರ ಬಾಯಲ್ಲೂ ಮರಳಿನ ದಿಬ್ಬ. ಮಳೆಗಾಲ ಕಳೆದಾಗ ಕಾಲುವೆ ಕಳೆದ ವರ್ಷ ಇದ್ದಲ್ಲಿಯೇ ಇರುತ್ತದೆಂಬ ಭರವಸೆ ಇಲ್ಲ. ಭರತ ಏರುವಾಗ ಒಳಗೆ ಹೋಗಬೇಕು. ಇಳಿತದ ನೀರು ಹೊರನುಗ್ಗುವಾಗ ಎದುರಿಗೆ ಕಡಲಗಾಳಿಯೂ ಬೀಸುತ್ತಿದ್ದರೆ ಅಲೆ ಕಡಿದಾಗಿ ಏಳುತ್ತದೆ. ಆಗ ಹೊರಗೇ ಕಾಯುವುದು ಕ್ಷೇಮ. ಇಲ್ಲಿ ನಕಾಶೆಗಿಂತ ಮೇಲು ಮೀನುಗಾರರ ಮಾತು. ಆಳವನ್ನು ಅವರು ಮಾರಿನ ಲೆಕ್ಕದಲ್ಲಿ ಹೇಳುತ್ತಾರೆ. ಯಾವ ತೆಂಗಿನ ಗುಂಪನ್ನು ಯಾವ ಗುಡ್ಡಕ್ಕೆ ಸರಿಹೊಂದಿಸಿ ಬರಬೇಕು ಎಂದು ಬೆರಳು ಮಾಡಿ ತೋರಿಸುತ್ತಾರೆ. ಅವರ ಬಲೆ ಇರುವಲ್ಲಿ ನಾವು ಸುತ್ತಿ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ಅವರದು ಅನ್ನ, ನಮ್ಮದು ಪ್ರೀತಿ.

ಅಳಿವೆಯ ಒಳಗೆ ಬಂದ ಮೇಲೆ ಸಣ್ಣ ದೋಣಿಯ ನಿಜವಾದ ಬೆಲೆ ತಿಳಿಯುತ್ತದೆ. ಶರಾವತಿಯಲ್ಲಿ ಹೆದ್ದಾರಿ ಸೇತುವೆ, ಅದರಾಚೆ ಕೊಂಕಣ ರೈಲಿನ ಎರಡು ಕಿ.ಮೀ. ಉದ್ದದ ಸೇತುವೆ. ಹಾಯಿ ಹೊರುವ ಕೂವೆಮರವನ್ನು ಇಬ್ಬರು ಸೇರಿ ಮಲಗಿಸಿಬಿಟ್ಟರೆ ಎರಡರ ಕೆಳಗೂ ನುಸುಳಿ ಮೇಲಿನ ಕುರುವೆಗಳ ತನಕ ಹೋಗಬಹುದು. ದೊಡ್ಡ ವಿಹಾರನೌಕೆಗೆ ಈ ಭಾಗ್ಯವಿಲ್ಲ. ಅಣೆಕಟ್ಟು ಕಾಣದ ಅಘನಾಶಿನಿಯಲ್ಲಿ ಚಿಪ್ಪು ಆರಿಸುವ ಹೆಂಗಸರು ಸೊಂಟದ ಮಟ್ಟದ ನೀರಿನಲ್ಲಿ ನಿಂತೇ ನಮ್ಮನ್ನು ಮಾತಾಡಿಸುತ್ತಾರೆ. ದಂಡೆಯ ಇಷ್ಟು ಹತ್ತಿರ ಬರಬಲ್ಲ ದೋಣಿಯೇ ಕರಾವಳಿ ನೋಡಲು ತಕ್ಕದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಣ್ಣದೆಂದರೆ ದುರ್ಬಲ ಎಂದುಕೊಳ್ಳುವವರಿಗೆ ಮೂರು ದೋಣಿಗಳ ಹೆಸರು ಹೇಳುತ್ತೇನೆ. 1969ರಲ್ಲಿ ರಾಬಿನ್ ನಾಕ್ಸ್–ಜಾನ್‌ಸ್ಟನ್ ಒಬ್ಬರೇ, ಎಲ್ಲೂ ನಿಲ್ಲದೆ ಭೂಮಿ ಸುತ್ತಿದ ಮೊದಲಿಗರಾದರು. ಅವರ 32 ಅಡಿಯ 'ಸುಹೈಲಿ' ಮುಂಬಯಿಯಲ್ಲಿ ತೇಗದಿಂದ ಕಟ್ಟಿದ ದೋಣಿ. ನಮ್ಮ ಭೂಸೇನೆಯ ಇಂಜಿನಿಯರ್ ದಳದವರು 1985–87ರಲ್ಲಿ ಭೂಪ್ರದಕ್ಷಿಣೆ ಮಾಡಿದ 'ತೃಷ್ಣಾ' 37 ಅಡಿಯದು. 2018ರ ಗೋಲ್ಡನ್ ಗ್ಲೋಬ್ ಹಾಯಿದೋಣಿ ಸ್ಪರ್ಧೆಯಲ್ಲಿ ಕೂವೆ ಮುರಿದು, ಬೆನ್ನುಮೂಳೆಗೆ ಪೆಟ್ಟು ಬಿದ್ದು, ಹಿಂದೂ ಮಹಾಸಾಗರದ ನಡುವಿನಿಂದ ಎತ್ತಿ ತರಬೇಕಾಗಿ ಬಂದ, ಆಗ ನೌಕಾಪಡೆಯಲ್ಲಿದ್ದ ಅಭಿಲಾಷ್ ಟೋಮಿ, 2023ರಲ್ಲಿ ಅದೇ ಸ್ಪರ್ಧೆಯನ್ನು ಎರಡನೆಯವರಾಗಿ ಮುಗಿಸಿದರು. ಅವರ 'ಬಯಾನತ್' 36 ಅಡಿಯ ಫೈಬರ್ ದೋಣಿ. ನಾವು ಶೆಡ್ಡಿನಲ್ಲಿ ಕಲಸುವ ಗಾಜಿನ ನಾರು, ರೆಸಿನ್ನುಗಳ ಬಳಗದ್ದೇ. ನಾವು ಮಹಾಸಾಗರಕ್ಕೆ ಹೋಗುವವರಲ್ಲ. ಮುರುಡೇಶ್ವರದ ರಾಜಗೋಪುರವನ್ನೋ 1901ರ ಕಾಪು ದೀಪಸ್ತಂಭವನ್ನೋ ಕಣ್ಣಳತೆಯಲ್ಲಿ ಇಟ್ಟುಕೊಂಡು ಸಾಗುವವರು. ಆದರೂ ಜೀವರಕ್ಷಕ ಅಂಗಿ ತೊಡದೆ ಹಗ್ಗ ಬಿಚ್ಚಬಾರದು, ಕೋಸ್ಟ್ ಗಾರ್ಡ್‌ನ 1554 ಸಂಖ್ಯೆ ಬಾಯಿಪಾಠ ಇರಬೇಕು, ಮಳೆಗಾಲದಲ್ಲಿ ದೋಣಿ ದಡದ ಮೇಲೆ ಇರಬೇಕು.

ಮೂಲ್ಕಿ, ಸಸಿಹಿತ್ಲುಗಳಲ್ಲಿ ಅಲೆಯ ಮೇಲೆ ಹಲಗೆ ಓಡಿಸುವ ಸರ್ಫಿಂಗ್ ಬೇರುಬಿಟ್ಟಿದೆ. ಕರಾವಳಿಯ ಹುಡುಗರು ಅದರಲ್ಲಿ ಹೆಸರು ಮಾಡಿದ್ದಾರೆ. ಹಾಯಿಗೂ ಅಂಥ ದಿನ ಬರಬೇಕು. ಪ್ರತಿ ಅಳಿವೆಯಲ್ಲಿ ದೋಣಿ ಕಟ್ಟಲು ನಾಲ್ಕು ತೇಲುಗುಂಡು, ದೋಣಿ ಇಳಿಸಲು ಕಾಂಕ್ರೀಟಿನ ಒಂದು ಇಳಿಜಾರು ಇದ್ದರೆ ಆರಂಭಕ್ಕೆ ಸಾಕು. ಕಲಿಕೆಗೆ ಕಡಲೇ ಬೇಕೆಂದಿಲ್ಲ. 1947ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಮಕ್ಕಳಿಗೆಂದೇ ರೂಪಿಸಿದ ಆಪ್ಟಿಮಿಸ್ಟ್ ದೋಣಿ ಎಂಟು ಅಡಿಗಿಂತ ಚಿಕ್ಕದು. ಜಗತ್ತಿನ ಎಷ್ಟೋ ಮಕ್ಕಳು ಹಾಯಿ ಹಿಡಿಯಲು ಕಲಿಯುವುದು ಅದರಲ್ಲೇ. ಅದನ್ನು ಫೈಬರ್‌ನಲ್ಲಿ ಮಾಡುವ ಕೈಗಳು ನಮ್ಮ ಕೈಗಾರಿಕಾ ಪ್ರದೇಶದಲ್ಲಿವೆ. ತೇಲಿಸಲು ತುಮಕೂರಿನ ಅಮಾನಿಕೆರೆ, ಕುಣಿಗಲ್ ದೊಡ್ಡಕೆರೆ, ಮಾರ್ಕೋನಹಳ್ಳಿ ಜಲಾಶಯಗಳಿವೆ. ಮಳೆ ಚೆನ್ನಾಗಿ ಆಗಿ ಕೆರೆ ತುಂಬಿದ ವರ್ಷವಾದರೂ, ಜಿಲ್ಲೆಯ ಶಾಲೆಗಳು ನಾಲ್ಕು ಸಣ್ಣ ಹಾಯಿದೋಣಿಗಳಿಂದ ಶುರುಮಾಡಲಿ. ಕಲಿಸಲು ಕರೆದರೆ ನಾನು ಬರುತ್ತೇನೆ.