ಯಕೃತ್ತಿನ ಇಕ್ಕಟ್ಟು ಓಣಿಯಲ್ಲಿ

ಬೆಚ್ಚಗಿನ ಕತ್ತಲು. ಕರುಳಿನಿಂದ ಬರುವ ಪೋರ್ಟಲ್ ರಕ್ತನಾಳದ ಹರಿವಿಗೆ ಮೈಕೊಟ್ಟು ನೀವೀಗ ಒಂದು ಇಲಿಯ ಯಕೃತ್ತಿನೊಳಗೆ ಇಳಿಯುತ್ತಿದ್ದೀರಿ. ನಾಳ ಕವಲೊಡೆಯುತ್ತದೆ, ಕವಲು ಮತ್ತೆ ಕವಲೊಡೆಯುತ್ತದೆ. ಕೊನೆಗೆ ರಕ್ತಕಣಗಳು ಮೈ ಹಿಂಡಿಕೊಂಡು ಒಂದರ ಹಿಂದೊಂದು ಸಾಗುವಷ್ಟು ಇಕ್ಕಟ್ಟಾದ ಓಣಿ.

ಗೋಡೆಗಂಟಿಕೊಂಡು ಕೈಕಾಲು ಚಾಚಿ ಕೂತಿದೆಯಲ್ಲ, ಅದು ಕುಫ್ಫರ್ ಕೋಶ, ಈ ಓಣಿಯ ಕಾವಲುಗಾರ. ಕರುಳಿನಿಂದ ನುಸುಳಿದ ಬ್ಯಾಕ್ಟೀರಿಯಾ, ಮುದಿಯಾದ ರಕ್ತಕಣ, ಏನೇ ಬರಲಿ ಹಿಡಿದು ನುಂಗುತ್ತದೆ. ಅಗೋ, ಒಂದನ್ನು ನುಂಗಿಯೇ ಬಿಟ್ಟಿತು.

ಕ್ಯಾನ್ಸರ್ ಬರಿಸಲೆಂದೇ ಸಂಶೋಧಕರು ಈ ಇಲಿಗೆ ಡೈಈಥೈಲ್‌ನೈಟ್ರೋಸಮೀನ್ ಎಂಬ ರಾಸಾಯನಿಕ ಕೊಟ್ಟಿದ್ದಾರೆ. ಅದನ್ನು ಡಿಎನ್‌ಎ ಕೆಡಿಸುವ ವಿಷವಾಗಿ ಮಾರ್ಪಡಿಸುವವು ಯಕೃತ್ತಿನದೇ ಕಿಣ್ವಗಳು. ಶುದ್ಧಿಯ ಕೆಲಸಕ್ಕಿರುವ ಅಂಗಕ್ಕೆ ಇದಕ್ಕಿಂತ ಕ್ರೂರ ವ್ಯಂಗ್ಯ ಬೇಕೆ? ಅಲ್ಲಲ್ಲಿ ಕೋಶಗಳು ಸತ್ತಿವೆ, ಗಾಯ ಮಾಯ್ದ ಕಡೆ ನಾರು ಬೆಳೆದಿದೆ. ಆಚೆ ಮೂಲೆಯಲ್ಲಿ ಕೆಲವು ಕೋಶಗಳು ಲಂಗುಲಗಾಮಿಲ್ಲದೆ ಹೆಚ್ಚಿ ಗಂಟು ಕಟ್ಟುತ್ತಿವೆ.

ಪಕ್ಕಕ್ಕೆ ತಿರುಗಿ. ಆ ಸಣ್ಣ ಎಳೆ ಸಿಂಪಥೆಟಿಕ್ ನರ. ಹೆದರಿಕೆಗೆ, ಓಟಕ್ಕೆ, ಜಗಳಕ್ಕೆ ಮೈಯನ್ನು ಸಜ್ಜು ಮಾಡುವ ಜಾಲದ ತುದಿ. ಅಲ್ಲಿಂದ ನಾರ್‌ಅಡ್ರಿನಲಿನ್ ಒಸರುತ್ತಿದೆ. ಅದು ನೇರ ಗಂಟಿನತ್ತ ಹೋದೀತು ಎಂದುಕೊಂಡಿರೇನೋ. ಇಲ್ಲ, ಕಾವಲುಗಾರನ ಮೈಮೇಲಿನ ಆಲ್ಫಾ-1 ರಿಸೆಪ್ಟರ್‌ಗೆ ಬಂದು ಕೂತಿತು. ಕುಫ್ಫರ್ ಕೋಶ ಕೆರಳಿತು. ಇಂಟರ್‌ಲ್ಯೂಕಿನ್-6, ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನುಗಳೆರಡೂ ಹೊರಬಂದವು. ಉರಿಯೂತ ಆರಲೇ ಇಲ್ಲ. ಆ ಕಾವಿನಲ್ಲೇ ಗಂಟು ಕೊಬ್ಬುತ್ತಿದೆ.

ಇನ್ನೊಂದು ಇಲಿಯೊಳಗೆ ಹೋಗೋಣ. ಅದೇ ವಿಷ, ಆದರೆ ಜೊತೆಗೆ ಆಲ್ಫಾ-1 ತಡೆಮದ್ದು. ನಾರ್‌ಅಡ್ರಿನಲಿನ್ ಇಲ್ಲೂ ಒಸರುತ್ತದೆ, ಕಾವಲುಗಾರನವರೆಗೂ ಬರುತ್ತದೆ, ಕೂರಲು ಜಾಗವಿಲ್ಲ. ಮದ್ದು ಮೊದಲೇ ಕೂತುಬಿಟ್ಟಿದೆ. ಗಂಟುಗಳು ಕಡಿಮೆ. ಚೀನಾದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗವಿದು. ನರಗಳನ್ನೇ ಅಡಗಿಸಿ ನೋಡಿದರು, ಕುಫ್ಫರ್ ಕೋಶಗಳನ್ನೇ ಅಳಿಸಿ ನೋಡಿದರು. ಆಗಲೂ ಕ್ಯಾನ್ಸರಿನ ಬೆಳವಣಿಗೆ ಕುಗ್ಗಿತು. ನನಗೆ ಹೆಚ್ಚು ಗಟ್ಟಿಯೆನಿಸುವುದು ಈ ಕೊನೆಯ ಸಾಕ್ಷಿ. ಕಾವಲುಗಾರನೇ ಇಲ್ಲದಿದ್ದರೆ ನರ ಎಷ್ಟು ಕೂಗಿದರೂ ಓಗೊಡುವವರಿಲ್ಲ.

ಮೇಲಕ್ಕೆ ಬನ್ನಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಡಿ. ಅದೇ ಅಧ್ಯಯನದಲ್ಲಿ ಮನುಷ್ಯರ ಯಕೃತ್ತಿನ ಕ್ಯಾನ್ಸರ್ ಗಡ್ಡೆಯ ತೆಳು ಸೀಳುಗಳನ್ನೂ ಪರೀಕ್ಷಿಸಿದ್ದರು. ಟೈರೋಸಿನ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವವನ್ನು ಗುರುತಿಸಿ ಬಣ್ಣ ಹಿಡಿಸಿದರೆ ಸಿಂಪಥೆಟಿಕ್ ಎಳೆಗಳು ಎದ್ದು ಕಾಣುತ್ತವೆ. ಎಳೆಗಳು ದಟ್ಟವಾಗಿದ್ದ ರೋಗಿಗಳ ಸ್ಥಿತಿ ಮುಂದೆ ಹೆಚ್ಚು ಬಿಗಡಾಯಿಸಿತ್ತು. ಹಾಗೆಂದು ‘ಚಿಂತೆ ಮಾಡಿ ಮಾಡಿ ಕ್ಯಾನ್ಸರ್ ತಂದುಕೊಂಡ’ ಎಂದು ರೋಗಿಯ ಮೇಲೆ ಗೂಬೆ ಕೂರಿಸುವವರಿಗೆ ಇಲ್ಲಿ ಆಧಾರ ಸಿಗದು. ಯಕೃತ್ತು ನಾರುಗಟ್ಟುವ ಸಿರೋಸಿಸ್ ಬಲಿತ ಮೈಯಲ್ಲಿ ಈ ನರಜಾಲ ಮನಸ್ಸಿನ ಹಂಗಿಲ್ಲದೆಯೂ ಕೆರಳಿರುತ್ತದೆ.

ಈಗ ಆಸ್ಪತ್ರೆಯ ಹೊರರೋಗಿ ವಿಭಾಗ. ಎದುರಿಗೆ ಕೂತ ಸಿರೋಸಿಸ್ ರೋಗಿಯ ಕೈಯಲ್ಲಿ ಕಾರ್ವೆಡಿಲಾಲ್ ಮಾತ್ರೆ. ಪೋರ್ಟಲ್ ನಾಳದ ಒತ್ತಡ ತಗ್ಗಿಸಲು ಬರೆದುಕೊಟ್ಟದ್ದು. ಬೀಟಾ ರಿಸೆಪ್ಟರ್‌ಗಳ ಜೊತೆ ಆಲ್ಫಾ-1 ಅನ್ನೂ ತುಸು ತಡೆಯುತ್ತದೆ. ಹಾಗಾದರೆ ಕ್ಯಾನ್ಸರ್ ತಡೆಯಲು ಇದನ್ನೇ ಇನ್ನಷ್ಟು ಕೊಡಬಾರದೇ ಎಂಬ ಮಾತು ನಿಮ್ಮ ನಾಲಿಗೆಯ ತುದಿಗೆ ಬಂದಿದೆ. ಅಷ್ಟರಲ್ಲಿ ವೈದ್ಯರು ರೋಗಿಯ ತೋಳಿಗೆ ಬಿಪಿ ಪಟ್ಟಿ ಸುತ್ತಿ ಗಾಳಿ ತುಂಬುತ್ತಾರೆ. ಮೇಲಿನ ಅಂಕಿ 90ಕ್ಕಿಂತ ಕೆಳಗಿದೆ. ಚೀಟಿಯಲ್ಲಿ ಡೋಸ್ ಇಳಿಸುತ್ತಾರೆ: ಇಂಥ ಮೈಯಲ್ಲಿ ರಕ್ತದೊತ್ತಡ ಕುಸಿದರೆ ಮೂತ್ರಪಿಂಡಗಳು ಕೈಕೊಡಬಹುದು.